ಬೆಳ್ಳಿ ಪಾತ್ರೆ ಬರೀ ಶೋಕಿಯಲ್ಲ

ಮಾನ್ಯರೆ,

ವಸಾಹತು ಕಾಲದ ಅಮೆರಿಕದ ಸಿರಿವಂತರು ಊಟದ ಮೇಜಿನ ತುಂಬ ಬೆಳ್ಳಿ ಜೋಡಿಸುತ್ತಿದ್ದುದು ಬರೀ ಶೋಕಿಗೆ ಎಂಬ ಮಾತು ಅರ್ಧ ಸತ್ಯ. ಹಣ ಇಡಲು ಅಲ್ಲಿ ಆಗ ಈಗಿನಂಥ ಬ್ಯಾಂಕುಗಳಿರಲಿಲ್ಲ. ಕೈಗೆ ಬಂದ ಸ್ಪ್ಯಾನಿಷ್ ಬೆಳ್ಳಿ ನಾಣ್ಯಗಳನ್ನು ಅಕ್ಕಸಾಲಿಗನಿಗೆ ಕೊಟ್ಟು, ಕರಗಿಸಿ, ಚಹಾಪಾತ್ರೆಯನ್ನೋ ಬಟ್ಟಲನ್ನೋ ಮಾಡಿಸುತ್ತಿದ್ದರು. ಅದರ ಮೇಲೆ ಮೂರು ಅಕ್ಷರ: ಮೇಲೆ ಮನೆತನದ್ದು, ಕೆಳಗೆ ಗಂಡ-ಹೆಂಡತಿಯದು. ಕಳುವಾದರೆ ಗುರುತು ಹೇಳಿ ಪತ್ರಿಕೆಯಲ್ಲಿ ಜಾಹೀರಾತು ಕೊಡಬಹುದಿತ್ತು, ನಾಣ್ಯಕ್ಕೆಲ್ಲಿಯ ಗುರುತು? ನಮ್ಮಜ್ಜಿ ಚೊಂಬು, ತಂಬಿಗೆಗೆಲ್ಲ ಹೆಸರು ಹಾಕಿಸುತ್ತಿದ್ದುದೂ ಇದಕ್ಕೇ.

ಹಾಗೆಂದು ಮೆರೆದಾಟ ಇರಲಿಲ್ಲವೆಂದಲ್ಲ. ಬಾಸ್ಟನ್ನಿನ ಅಕ್ಕಸಾಲಿಗ ಪಾಲ್ ರಿವಿಯರ್ 1768ರಲ್ಲಿ ಮಾಡಿದ, ಪಂಚ್ ಎಂಬ ಮದ್ಯಪಾನೀಯದ ಬಟ್ಟಲಿನ ಅಂಚಿನ ಸುತ್ತ, ಅದನ್ನು ಮಾಡಿಸಿದ 15 ಜನರ ಹೆಸರು ಕೊರೆದಿದೆ. ಬ್ರಿಟಿಷ್ ಆಣತಿಗೆ ಮಣಿಯದ ಆ ಪ್ರಾಂತ್ಯದ 92 ಶಾಸಕರ ಗೌರವಾರ್ಥ ಮಾಡಿಸಿದ್ದು. ಪ್ರತಿಭಟನೆಗೂ ಬೆಳ್ಳಿಯೇ ಬೇಕಾಯಿತು ನೋಡಿ!

ಇಂಥ ಪಾತ್ರೆಗಳ ಕುರಿತ ಬರಹಗಳಲ್ಲಿ ಗಣಿಯ ಮಾತು ಮಾತ್ರ ಅಪರೂಪ. ಸ್ಪ್ಯಾನಿಷ್ ನಾಣ್ಯಗಳ ಬೆಳ್ಳಿ ಬಂದದ್ದು ಮೆಕ್ಸಿಕೊ ಮತ್ತು ಈಗಿನ ಬೊಲಿವಿಯಾದ ಪೊಟೊಸಿಯ ಗಣಿಗಳಿಂದ. ಪೊಟೊಸಿಯ ಬೆಟ್ಟದೊಳಕ್ಕೆ ದೂರದೂರದ ಹಳ್ಳಿಗಳ ಮೂಲನಿವಾಸಿಗಳನ್ನೂ ಸರದಿಯ ಮೇಲೆ ಬಲವಂತದ ದುಡಿಮೆಗೆ ಇಳಿಸುತ್ತಿದ್ದರು. ಅವರ ಹೆಸರು ಯಾವ ಬಟ್ಟಲ ಮೇಲೂ ಇಲ್ಲ.

– ಒಬ್ಬ ಓದುಗ, ಮೈಸೂರು