ದಕ್ಷಿಣ ಗಂಗೋತ್ರಿ ಠಸ್ಸೆಯ ಲಕೋಟೆ: ತಪ್ಪು ವಿವರಣೆ ಹಾಗೂ ಹಣ ವಾಪಸಿ ಕುರಿತು ದೂರು

ಇವರಿಗೆ,
ಗ್ರಾಹಕ ದೂರು ಅಧಿಕಾರಿಗಳು,
ಅಂಚೆಚೀಟಿ ಮಾರಾಟ ಸಂಸ್ಥೆ

ಮಾನ್ಯರೇ,

ನಿಮ್ಮ ಜಾಲತಾಣದಲ್ಲಿ ‘ದಕ್ಷಿಣ ಗಂಗೋತ್ರಿ ಅಂಚೆ ಕಚೇರಿಯ ಸ್ಮರಣಾರ್ಥ ಅಂಚೆಚೀಟಿ, ಅಲ್ಲಿಯದೇ ಅಸಲಿ ಠಸ್ಸೆಯೊಂದಿಗೆ’ ಎಂದು ಮಾರಿದ ಲಕೋಟೆ ಕೈಸೇರಿದೆ. ದಕ್ಷಿಣ ಗಂಗೋತ್ರಿ ಎಂದರೆ ಅಂಟಾರ್ಕ್ಟಿಕಾದಲ್ಲಿ ಭಾರತ ಕಟ್ಟಿದ ಮೊದಲ ನೆಲೆ; ಠಸ್ಸೆ ಎಂದರೆ ಅಂಚೆ ಕಚೇರಿ ಒತ್ತುವ ದಿನಾಂಕದ ಮುದ್ರೆ. ಈ ವಿವರಣೆಯಲ್ಲಿ ಚೀಟಿಯ ಮಾತೂ ತಪ್ಪು, ಠಸ್ಸೆಯ ಮಾತೂ ತಪ್ಪು.

ಲಕೋಟೆಯ ಮೇಲಿರುವುದು 1983ರ ಒಂದು ರೂಪಾಯಿ ಚೀಟಿ. ಅದು ಹೊರಬಂದದ್ದು ಭಾರತದ ಮೊದಲ ಅಂಟಾರ್ಕ್ಟಿಕಾ ಯಾತ್ರೆಯ ನೆನಪಿಗೆ. ಡಾ. ಖಾಸಿಂ ಅವರ ನೇತೃತ್ವದ ತಂಡ 1981ರ ಡಿಸೆಂಬರಿನಲ್ಲಿ ಗೋವಾದಿಂದ ಹೊರಟು 1982ರ ಜನವರಿ 9ರಂದು ಅಲ್ಲಿ ಇಳಿದಿತ್ತು. ದಕ್ಷಿಣ ಗಂಗೋತ್ರಿಯಲ್ಲಿ ಅಂಚೆ ಕಚೇರಿ ಶುರುವಾದದ್ದು 1984ರಲ್ಲಿ. ಇನ್ನೂ ಹುಟ್ಟದ ಕಚೇರಿಯ ಗೌರವಾರ್ಥ ಚೀಟಿ ಬಂದಿರಲು ಸಾಧ್ಯವಿಲ್ಲ.

ಠಸ್ಸೆಯ ವಿಷಯ ಇದಕ್ಕಿಂತ ಗಂಭೀರ. ಅದರಲ್ಲಿ 1993ರ ದಿನಾಂಕವಿದೆ. ದಕ್ಷಿಣ ಗಂಗೋತ್ರಿ ನೆಲೆಯನ್ನು ಕಟ್ಟಿದ್ದು ಬಂಡೆಯ ಮೇಲಲ್ಲ, ಹಿಮದ ಹಾಸಿನ ಮೇಲೆ. ವರ್ಷವರ್ಷವೂ ಹಿಮ ಪೇರಿಕೊಂಡು ಕಟ್ಟಡ ಹೂತುಹೋಗುತ್ತಾ ಬಂದು 1990ರ ಫೆಬ್ರವರಿಯಲ್ಲಿ ಅದನ್ನು ಕೈಬಿಡಬೇಕಾಯಿತು. ಅಂಚೆ ಕೆಲಸ ಅಂಟಾರ್ಕ್ಟಿಕಾದಲ್ಲೇ ಇರುವ ಭಾರತದ ಎರಡನೆಯ ನೆಲೆಯಾದ ಮೈತ್ರಿಗೆ ಹೋಯಿತು. ದಿನಾಂಕವೊಂದೇ ತಕರಾರಾಗಿದ್ದರೆ, ಹಳೆಯ ಠಸ್ಸೆಯನ್ನೇ ಮುಂದೆಯೂ ಬಳಸಿದರೇ ಎಂದು ನಿಮ್ಮನ್ನು ಕೇಳಿ ತಿಳಿದುಕೊಳ್ಳಬಹುದಿತ್ತು. ಆದರೆ ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ಕಾಣುವುದು ಬೇರೆಯೇ.

ಠಸ್ಸೆಯ ವೃತ್ತದಲ್ಲಿ ಚೀಟಿಯ ಮೇಲಿನ ಭಾಗಕ್ಕೂ ಲಕೋಟೆಯ ಕಾಗದದ ಮೇಲಿನ ಭಾಗಕ್ಕೂ ಸುಮಾರು 1 ಮಿ.ಮೀ. ವ್ಯತ್ಯಾಸವಿದೆ, ಗೆರೆ ಕೂಡುವುದಿಲ್ಲ. ಚೀಟಿಯ ಮೇಲಿನ ಶಾಯಿ ಬೂದು, ಕಾಗದದ ಮೇಲಿನದು ಕಡುಗಪ್ಪು. ಲೋಹದ ಠಸ್ಸೆಯನ್ನು ಕೈಯಲ್ಲಿ ಒತ್ತಿದಾಗ ಶಾಯಿ ಅಂಚಿಗೆ ತಳ್ಳಿಕೊಂಡು ಗೆರೆಯ ಎರಡೂ ಬದಿ ದಟ್ಟವಾಗುತ್ತದೆ. ಇಲ್ಲಿ ಕಾಗದದ ಮೇಲಿನ ಗೆರೆ ಸಣ್ಣ ಸಣ್ಣ ಚುಕ್ಕೆಗಳಿಂದಾಗಿದೆ, ಇದು ಇಂಕ್‌ಜೆಟ್ ಪ್ರಿಂಟರಿನ ಗುರುತು. ಚೀಟಿಯನ್ನು ಅಂಟಿಸಿದ ಮೇಲೆ ಠಸ್ಸೆ ಬಿದ್ದಿದ್ದರೆ ಚೀಟಿಯ ಅಂಚಿನ ಹಲ್ಲುಗಳ ನಡುವಿನ ಸಂದಿಯಲ್ಲೂ ಶಾಯಿ ಇಳಿದಿರಬೇಕಿತ್ತು. ವೃತ್ತ ಹಾದುಹೋಗುವ ಜಾಗದಲ್ಲೇ ಆ ಸಂದಿಗಳು ಬೆಳ್ಳಗಿವೆ. ಕೆಳಗಿನ ಬಲ ಮೂಲೆಯಲ್ಲಿ ಹೊಸ ಅಂಟು ಹೊಳೆಯುತ್ತಿದೆ. ಬೇರಾವುದೋ ಕಾಗದದಿಂದ ನೀರಿನಲ್ಲಿ ನೆನೆಸಿ ಬಿಡಿಸಿದ ಚೀಟಿಯನ್ನು ಇಲ್ಲಿ ಅಂಟಿಸಿ, ಉಳಿದ ಅರ್ಧ ಠಸ್ಸೆಯನ್ನು ಕಾಗದದ ಮೇಲೆ ಮುದ್ರಿಸಲಾಗಿದೆ ಎಂಬುದರಲ್ಲಿ ನಮಗೆ ಸಂಶಯವಿಲ್ಲ.

ಬಳಸಿದ ಈ ಚೀಟಿ ಬಿಡಿಯಾಗಿ ಅಗ್ಗಕ್ಕೇ ಸಿಗುತ್ತದೆ. ನೀವು ಪಡೆದ ಬೆಲೆಯೆಲ್ಲ ಠಸ್ಸೆಗೆ, ಅಂದರೆ ಆ ಕಾಗದ ನಿಜವಾಗಿಯೂ ಹಡಗಿನಲ್ಲಿ ಹಿಮಖಂಡಕ್ಕೆ ಹೋಗಿ ಬಂದಿದೆ ಎಂಬ ನಂಬಿಕೆಗೆ. ಆ ನಂಬಿಕೆಯನ್ನು ಸುಳ್ಳು ಮಾಡಿ ಮಾರುವುದು ಅಕ್ಷಮ್ಯ.

ಪ್ಯಾಕಿಂಗೂ ಸರಿಯಿಲ್ಲ. ಆಧಾರಕ್ಕೆ ರಟ್ಟಿಲ್ಲ. ಪ್ಲಾಸ್ಟಿಕ್ ಕವಚಕ್ಕೆ ಹಾಕಿದ ಸೆಲೋಟೇಪ್ ಲಕೋಟೆಯ ಹಿಂಬದಿಗೂ ಹಿಡಿದಿದೆ. ಅದರ ಅಂಟು ಕಾಗದದೊಳಕ್ಕೆ ಇಳಿದರೆ ಹಳದಿ ಕಲೆ ಉಳಿಯುತ್ತದೆ, ಆಮೇಲೆ ತೆಗೆಯಲು ಬರುವುದಿಲ್ಲ. ಸಾಕ್ಷ್ಯ ಹಾಳಾಗಬಾರದೆಂದು ನಾವು ಅದನ್ನು ಕಿತ್ತಿಲ್ಲ.

ಲಕೋಟೆಯ ಪೂರ್ತಿ ಬೆಲೆಯನ್ನೂ ಎರಡೂ ಕಡೆಯ ಕೊರಿಯರ್ ವೆಚ್ಚವನ್ನೂ ಹಿಂತಿರುಗಿಸಿ. ಜಾಲತಾಣದಿಂದ ಈ ವಿವರಣೆಯನ್ನು ತೆಗೆಯಿರಿ. ವಾಪಸು ಬಂದ ಲಕೋಟೆಯನ್ನು ಮತ್ತೆ ಮಾರಾಟಕ್ಕೆ ಇಡಬೇಡಿ. ಇದೇ ಬಗೆಯ ಲಕೋಟೆ ಕೊಂಡ ಉಳಿದ ಗ್ರಾಹಕರಿಗೂ ವಿಷಯ ತಿಳಿಸಿ.

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ತಲುಪಿದ್ದನ್ನು 48 ಗಂಟೆಯೊಳಗೆ ಖಚಿತಪಡಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ತಪ್ಪಿದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನಮ್ಮ ಜಿಲ್ಲೆಯ ಆಯೋಗದಲ್ಲೇ ದೂರು ದಾಖಲಿಸುತ್ತೇವೆ.

ಬಿಲ್ಲಿನ ಪ್ರತಿ, ನಿಮ್ಮ ವಿವರಣೆಯ ಸ್ಕ್ರೀನ್‌ಶಾಟ್, ಲಕೋಟೆಯ ಎರಡೂ ಬದಿಯ ಸ್ಕ್ಯಾನ್ ಮತ್ತು ಠಸ್ಸೆಯ ಗೆರೆ ಚೀಟಿಯನ್ನು ದಾಟುವ ಜಾಗದ ಹಿಗ್ಗಿಸಿದ ಚಿತ್ರಗಳನ್ನು ಲಗತ್ತಿಸಿದೆ.

ಇಂತಿ,
ನಿಮ್ಮ ಗ್ರಾಹಕರು,
ಮೈಸೂರು