ನಿದ್ದೆ ಬಾರದ ಮಕ್ಕಳ ಬಗ್ಗೆ ಆರೋಗ್ಯ ಸಚಿವರಿಗೊಂದು ಪತ್ರ

ಮಾನ್ಯ ಸಚಿವರೇ, ನಮಸ್ಕಾರ.

ನನ್ನ ಮಗಳಿಗೆ ಈಗ 17 ವರ್ಷ. ರಾತ್ರಿ ಮಲಗುವ ಮುಂಚೆ ಫೋನಿನಲ್ಲಿ ನಾಳೆ ಎಷ್ಟು ಬಿಸಿಲು ಅಂತ ನೋಡುತ್ತಾಳೆ. ಆಮೇಲೆ ಎಲ್ಲಿ ಕಾಡಿಗೆ ಬೆಂಕಿ ಬಿದ್ದಿದೆ, ಎಲ್ಲಿ ನೆರೆ ಬಂದಿದೆ ಅಂತ ಹುಡುಕುತ್ತಾಳೆ. ಗಂಟೆ ಎರಡಾದರೂ ಕಣ್ಣು ಮುಚ್ಚಿರುವುದಿಲ್ಲ. ಹೋದ ತಿಂಗಳು ಒಂದು ರಾತ್ರಿ ಕೇಳಿದಳು, "ಅಮ್ಮಾ, ನನಗೆ ನಿನ್ನಷ್ಟು ವಯಸ್ಸಾಗೋ ಹೊತ್ತಿಗೆ ಏನು ಉಳಿದಿರುತ್ತೆ?" ನಾನು "ಸುಮ್ನೆ ತಲೆ ಕೆಡಿಸ್ಕೋಬೇಡ, ಮಲಗು" ಅಂದುಬಿಟ್ಟೆ. ಹಾಗೆ ಹೇಳಬಾರದಿತ್ತು. ಅಂದಿನಿಂದ ಅವಳು ಆ ಮಾತು ನನ್ನ ಹತ್ತಿರ ಎತ್ತಿಲ್ಲ. ನಿದ್ದೆಯೂ ಸರಿಹೋಗಿಲ್ಲ.

ನಮ್ಮ ಮನೆಯಲ್ಲಿ ಮಾತ್ರ ಹೀಗೆ ಅಂದುಕೊಂಡಿದ್ದೆ. ಆದರೆ 2021ರಲ್ಲಿ ಹತ್ತು ದೇಶಗಳ, 16ರಿಂದ 25 ವಯಸ್ಸಿನ 10,000 ಮಂದಿಯನ್ನು ಮಾತಾಡಿಸಿದ ಸಮೀಕ್ಷೆಯೊಂದು ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಗಳ ಬಳಗದ ಒಂದು ಪತ್ರಿಕೆಯಲ್ಲಿ ಬಂತು. ಹವಾಮಾನ ಬದಲಾವಣೆ ಬಗ್ಗೆ ವಿಪರೀತ ಚಿಂತೆ ಇದೆ ಅಂದವರು ಶೇ 59ರಷ್ಟು. ಇದರಿಂದ ದಿನದ ಬದುಕಿಗೇ ತೊಂದರೆಯಾಗಿದೆ ಅಂದವರು ಶೇ 45ಕ್ಕಿಂತ ಜಾಸ್ತಿ. ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ವಿಷಯ. ಸರ್ಕಾರಗಳು ಮಾಡಬೇಕಾದ್ದನ್ನು ಮಾಡುತ್ತಿಲ್ಲ, ನಮ್ಮ ಕೈಬಿಟ್ಟಿವೆ ಅನ್ನುವ ಭಾವನೆಗೂ ಈ ಸಂಕಟಕ್ಕೂ ನಂಟಿರುವುದು ಅಲ್ಲಿ ಕಂಡುಬಂದಿತ್ತು. ಅಂದರೆ ಮಕ್ಕಳು ಬಿಸಿಲಿಗೆ ಮಾತ್ರ ಹೆದರುತ್ತಿಲ್ಲ. ದೊಡ್ಡವರ ಮೌನಕ್ಕೂ ಹೆದರುತ್ತಿದ್ದಾರೆ. ನನ್ನ ಮೌನವೂ ಅದರಲ್ಲಿ ಸೇರಿದೆ.

ಈ ಚಿಂತೆ ರೋಗವಲ್ಲ. ದಾಖಲೆ ಇಡಲು ಶುರುವಾದ ಮೇಲೆ 2024ರಷ್ಟು ಬಿಸಿಯಾದ ವರ್ಷ ಬಂದಿರಲಿಲ್ಲ. ಅದನ್ನು ನೋಡಿ ಹೆದರುವ ಮನಸ್ಸು ಸರಿಯಾಗಿಯೇ ಇದೆ, ಅಲ್ವಾ? ಆದರೆ ಆ ಹೆದರಿಕೆ ನಿದ್ದೆ, ಓದು, ಗೆಳೆತನ ಎಲ್ಲವನ್ನೂ ತಿನ್ನತೊಡಗಿದಾಗ ಯಾರಾದರೂ ಪಕ್ಕದಲ್ಲಿ ಕೂತು ಕೇಳಬೇಕು. ಮಕ್ಕಳಿಗಷ್ಟೇ ಅಲ್ಲ. ಹುಟ್ಟಿದ ಊರು ಬಿಡದಿದ್ದರೂ ಊರೇ ಕಣ್ಣೆದುರು ಬದಲಾದಾಗ ಆಗುವ ನೋವಿಗೆ ಆಸ್ಟ್ರೇಲಿಯಾದ ಚಿಂತಕ ಗ್ಲೆನ್ ಆಲ್ಬ್ರೆಕ್ಟ್ 'ಸೋಲಾಸ್ಟಾಲ್ಜಿಯಾ' ಅಂತ ಹೆಸರಿಟ್ಟರು. ಕೆರೆ ಬತ್ತಿದ್ದನ್ನು ನೋಡುತ್ತಾ ಕೂತ ಎಷ್ಟೋ ಹಿರಿಯರಿಗೆ ಹೆಸರು ಗೊತ್ತಿಲ್ಲ, ನೋವು ಗೊತ್ತು.

ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದ ಲೆಕ್ಕ ನಿಮಗೆ ಗೊತ್ತಿರಬಹುದು. 95 ದೇಶಗಳನ್ನು ಕೇಳಿದಾಗ, ಆರೋಗ್ಯ ಮತ್ತು ಹವಾಮಾನದ ಯೋಜನೆಯಲ್ಲಿ ಮಾನಸಿಕ ಆರೋಗ್ಯವನ್ನೂ ಸೇರಿಸಿದ್ದ ದೇಶಗಳು ಬರೀ 9. ನಿಮ್ಮ ಮುಂದಿನ ಯೋಜನೆಯಲ್ಲಿ ಅದಕ್ಕೊಂದು ಜಾಗ ಮತ್ತು ಹಣ, ಎರಡೂ ಇರಲಿ. ಶಾಲೆಯ ಆಪ್ತಸಮಾಲೋಚಕರಿಗೂ ಶಿಕ್ಷಕರಿಗೂ ಈ ಭಯದ ಬಗ್ಗೆ ಹೇಗೆ ಮಾತಾಡಬೇಕು ಅಂತ ತರಬೇತಿ ಕೊಡಿಸಿ. "ಎಲ್ಲಾ ಸರಿಹೋಗುತ್ತೆ" ಅನ್ನುವುದೂ ಬೇಡ, "ಎಲ್ಲಾ ಮುಗೀತು" ಅನ್ನುವುದೂ ಬೇಡ. ನೆರೆ, ಬರ ಬಂದ ಕಡೆ ಅಕ್ಕಿ, ಔಷಧಿ ಜೊತೆಗೆ ಮನಸ್ಸಿನ ಮಾತು ಕೇಳುವವರನ್ನೂ ಕಳಿಸಿ. ನೀರು ಇಳಿದ ತಕ್ಷಣ ಅವರನ್ನು ವಾಪಸ್ ಕರೆಸಿಕೊಳ್ಳಬೇಡಿ.

ಇನ್ನೊಂದು ಕೋರಿಕೆ. ಹವಾಮಾನದ ಬಗ್ಗೆ ಸರ್ಕಾರ ಕೊಟ್ಟ ಮಾತುಗಳಲ್ಲಿ ಈ ವರ್ಷ ಎಷ್ಟು ಆಯಿತು, ಎಷ್ಟು ಆಗಲಿಲ್ಲ, ಯಾಕೆ ಆಗಲಿಲ್ಲ ಅಂತ 17ರ ಹುಡುಗಿಗೆ ಅರ್ಥವಾಗುವ ಭಾಷೆಯಲ್ಲಿ ಬರೆಸಿ ಹೊರಡಿಸಿ. ಪ್ರತಿ ವರ್ಷ. ನಾನು ಅದನ್ನು ಮಗಳ ಪಕ್ಕ ಕೂತು, ಅವಳ ಜೊತೆಗೇ ಓದುತ್ತೇನೆ.

ಇಂತಿ,
ಒಬ್ಬ ತಾಯಿ