"ವೆಲ್ಡ್ ಹೊಡೆದುಬಿಟ್ಟಿದ್ರೆ ಮುಗೀತಿತ್ತಲ್ಲೋ" ಅಂದ ಚಿಕ್ಕಪ್ಪನಿಗೆ

ಅಡಿಲೇಡ್, ಸೆಪ್ಟೆಂಬರ್

ಚಿಕ್ಕಪ್ಪನಿಗೆ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ನೀವು, ಚಿಕ್ಕಮ್ಮ, ಅಮ್ಮ, ಮಕ್ಕಳು ಎಲ್ಲ ಆರೋಗ್ಯವಾಗಿದ್ದೀರಿ ಅಂದುಕೊಂಡಿದ್ದೀನಿ. ಟ್ರೇಲರಿನ ಮೇಲೆ ನಾನು ಕೂರಿಸಿದ ರ‍್ಯಾಕಿನ ಫೋಟೊ ನೋಡಿ ನೀವು ಕೇಳಿದ್ದು ಒಂದೇ ಮಾತು: "ನಾಲ್ಕು ಕಾಲು ನಿಲ್ಲಿಸಿ ವೆಲ್ಡ್ ಹೊಡೆದುಬಿಟ್ಟಿದ್ರೆ ಮುಗೀತಿತ್ತಲ್ಲೋ, ಈ ಪಿನ್ನು ಬೋಲ್ಟು ಎಲ್ಲ ಯಾಕೆ?" ನಾನು ಬಾಯಿ ಬಿಡೋ ಹೊತ್ತಿಗೆ ಅಂಗಡಿಗೆ ಯಾರೋ ಗೇಟಿನ ಅಳತೆ ತಗೊಂಡು ಬಂದ್ರು, ನೀವು ಫೋನ್ ಇಟ್ಟುಬಿಟ್ರಿ. ಆಮೇಲೆ ಅಮ್ಮ, ಹೊಸ ರೇಷ್ಮೆ ಹುಳು ಮನೆಯ ಸ್ಟ್ಯಾಂಡನ್ನೂ ನಿಮ್ಮ ಕೈಲೇ ಮಾಡಿಸ್ತಿದ್ದೀವಿ ಅಂದಳು. ಹಾಗಾದ್ರೆ ಎರಡಕ್ಕೂ ಸೇರಿಸಿ ಬರೆದುಬಿಡೋಣ ಅಂತ ಕೂತಿದ್ದೀನಿ. ಫೋನಲ್ಲಿ ನಿಮ್ಮ ಜೊತೆ ವಾದ ಮಾಡಿ ಗೆದ್ದವರು ಶಿಡ್ಲಘಟ್ಟದಲ್ಲೇ ಇಲ್ಲ.

ಇಲ್ಲಿ ಬಹಳ ಮನೆಗಳ ಮುಂದೆ ಇಂಥದೊಂದು ಸಣ್ಣ ಟ್ರೇಲರ್ ನಿಂತಿರುತ್ತೆ. ಆರಡಿ ಉದ್ದ, ನಾಲ್ಕಡಿ ಅಗಲ, ಎರಡು ಚಕ್ರ, ಕಾರಿನ ಹಿಂದೆ ಸಿಕ್ಕಿಸಿ ಎಳೆಯೋದು. ಶನಿವಾರ ಆದ್ರೆ ಕತ್ತರಿಸಿದ ಗಿಡದ ಕೊಂಬೆ, ಗೊಬ್ಬರ, ಹಳೇ ಮಂಚ ಎಲ್ಲ ಅದರಲ್ಲೇ ಹೋಗಬೇಕು. ರಜೆ ಬಂದ್ರೆ ಅದೇ ಟ್ರೇಲರಿಗೆ ಟೆಂಟು, ಒಲೆ, ನೀರಿನ ಕ್ಯಾನು ತುಂಬಿಕೊಂಡು ಊರಾಚೆ ಹೋಗ್ತೀವಿ. ಕ್ಯಾಂಪಿಂಗಿಗೆ ಮೇಲೊಂದು ರ‍್ಯಾಕ್ ಇದ್ರೆ ಹಾಸಿಗೆ, ಟೆಂಟು, ಮಕ್ಕಳ ಸೈಕಲ್ಲು ಮೇಲೆ ಹೋಗುತ್ತೆ, ಕೆಳಗೆ ಅಡುಗೆ ಸಾಮಾನಿಗೆ ಜಾಗ ಸಿಗುತ್ತೆ. ಆದರೆ ಶನಿವಾರದ ಗೊಬ್ಬರಕ್ಕೆ ಅದೇ ರ‍್ಯಾಕ್ ಅಡ್ಡ. ಸಲಿಕೆ ಎತ್ತಿದ್ರೆ ತಗುಲುತ್ತೆ. ಬಿಚ್ಚೋಕೆ ಆಗಲೇಬೇಕು ಅನ್ನೋದಕ್ಕೆ ಮೊದಲ ಕಾರಣ ಇದು.

ಎರಡನೇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಟ್ರೇಲರ್ ಪೂರ್ತಿ ಜಿಐ, ಕರಗಿದ ಸತುವಿನಲ್ಲಿ ಅದ್ದಿ ತೆಗೆದದ್ದು. ಸತು 907 ಡಿಗ್ರಿಗೇ ಕುದ್ದು ಆವಿಯಾಗುತ್ತೆ, ಉಕ್ಕು ಕರಗೋದು 1500ರ ಹತ್ತಿರ. ರಾಡ್ ಮುಟ್ಟಿಸಿದ ಜಾಗದ ಸುತ್ತ ಸತು ಪೂರ್ತಿ ಹೋಗಿ ತುಕ್ಕು ಅಲ್ಲಿಂದಲೇ ಶುರು. ಆ ಬಿಳಿ ಹೊಗೆ ಕುಡಿದ್ರೆ ರಾತ್ರಿ ಚಳಿಜ್ವರ ಬೇರೆ. ಜಿಐ ಪೈಪಿನ ಕೆಲಸ ಮಾಡಿದ ದಿನ ಚಿಕ್ಕಮ್ಮ ನಿಮಗೆ ಹಾಲು ಕುಡಿಸ್ತಿದ್ದದ್ದು ನೆನಪಿದೆ. ಹಾಲಿನಿಂದ ಏನೂ ಆಗಲ್ಲ ಚಿಕ್ಕಪ್ಪ. ಮೊದಲು ಗ್ರೈಂಡರಲ್ಲಿ ಸತು ಉಜ್ಜಿ ತೆಗೀಬೇಕು, ಹೊಗೆ ಮುಖಕ್ಕೆ ಬರದ ಹಾಗೆ ಗಾಳಿ ನೋಡಿಕೊಂಡು ನಿಲ್ಲಬೇಕು, ಅಷ್ಟೇ. ಬೋಲ್ಟಿಗೆ ತೂತು ಕೊರೆದ್ರೂ ಸತು ಹೋಗುತ್ತಲ್ಲ ಅಂತೀರಿ. ಹೋಗೋದು ತೂತಿನ ಅಂಚಿನದು ಮಾತ್ರ. ಅಲ್ಲಿಗೆ ಸತುವಿನ ಪೇಂಟ್ ಬಳಿದಿದ್ದೀನಿ, ಪಕ್ಕದ ಸತುವೂ ಆ ಅಂಚನ್ನು ಕಾಯುತ್ತೆ.

ಈಗ ಕೆಲಸದ ವಿಷಯ. ಇಡೀ ರ‍್ಯಾಕ್ ಒಂದೇ ತುಂಡು ಮಾಡಿದ್ರೆ ಇಳಿಸೋಕೆ ಇಬ್ಬರು ಬೇಕು, ನಿಮ್ಮ ಸೊಸೆ ಆಫೀಸಿಂದ ಬರೋವರೆಗೆ ಕಾಯಬೇಕು. ಅದಕ್ಕೆ ಮುಂದೊಂದು ಹಿಂದೊಂದು ಕಮಾನು ಮಾಡಿ, ಮೇಲೆ ಎರಡು ಉದ್ದದ ಪೈಪು, ನಡುವೆ ಎರಡು ತೆಳು ಅಡ್ಡಪಟ್ಟಿ ಕೊಟ್ಟೆ. ಕಮಾನಿಗೆ 40 ಎಂಎಂ ಚೌಕ ಪೈಪು, ಗೇಜು ಅಂದ್ರೆ ತಗಡಿನ ದಪ್ಪ 2 ಎಂಎಂ. ಮೀಟರಿಗೆ 2.3 ಕೆಜಿ ಹಿಡಿದ್ರೆ ಒಂದು ಕಮಾನು ಏಳು ಕೆಜಿ ಚಿಲ್ಲರೆ. ಒಬ್ಬನೇ ಎತ್ತಿ ಗೋಡೆಗೆ ಒರಗಿಸಬಹುದು.

ಕಾಲುಗಳು ಇಳಿಯೋದು ಟ್ರೇಲರಿಗೆ ಬೋಲ್ಟ್ ಮಾಡಿದ ಸ್ಲೀವಿನೊಳಗೆ. ಅದಕ್ಕೆ 50 ಎಂಎಂ ಪೈಪು, 3 ಎಂಎಂ ಗೇಜು, ಒಂದೊಂದೂ ಒಂದಡಿ ಉದ್ದ. ಲೆಕ್ಕ ಹಾಕಿ ನೋಡಿ: ಒಳಗೆ ಸಿಗೋದು 44, ಕಾಲು 40, ಉಳಿದದ್ದು 4 ಎಂಎಂ ಸಡಿಲ. ನಿಂತ ಟ್ರೇಲರಲ್ಲಿ ಅದು ಗೊತ್ತೇ ಆಗಲ್ಲ, ಮಣ್ಣು ರಸ್ತೆಗೆ ಇಳಿದ ಕೂಡಲೇ ಲೊಡಲೊಡ ಶುರುವಾಗುತ್ತೆ. ಸದ್ದು ಹಾಳಾಗಿಹೋಗಲಿ, ಬಡಿದೂ ಬಡಿದೂ ಪಿನ್ನಿನ ತೂತು ಮೊಟ್ಟೆ ಆಕಾರಕ್ಕೆ ಬರುತ್ತೆ. ಬಿಚ್ಚೋ ಹಾಗಿರೋ ವಸ್ತು ಮಾಡೋದ್ರಲ್ಲಿ ಕಷ್ಟ ಎಲ್ಲ ಈ 4 ಎಂಎಂನಲ್ಲೇ ಇದೆ.

ನಾನು ಮಾಡಿದ್ದು ಹೀಗೆ. ಇಂಥ ಪೈಪು ತಗಡು ಮಡಚಿ ಬೆಸೆದದ್ದಲ್ವಾ, ಒಳಗಡೆ ಒಂದು ಬೆಸುಗೆಯ ಏಣು ಓಡಿರುತ್ತೆ. ಉದ್ದನೆ ಅರ ಹಾಕಿ ಸ್ಲೀವಿನ ಒಳಗಿನ ಆ ಏಣನ್ನು ಉಜ್ಜಿ ತೆಗೆದೆ. ಆಮೇಲೆ ಕಾಲಿನ ಎರಡು ಮಗ್ಗುಲಿಗೆ, ಎದುರುಬದುರು ಅಲ್ಲ, ಅಕ್ಕಪಕ್ಕದ ಎರಡು ಮಗ್ಗುಲಿಗೆ, 3 ಎಂಎಂ ಪಟ್ಟಿಯ ತುಂಡು ಬೆಸೆದೆ. ಅಲ್ಲಿಗೆ ಸಡಿಲ 1 ಎಂಎಂಗೆ ಬಂತು. ಆ ಪಟ್ಟಿಗಳ ನೇರಕ್ಕೆ ಸ್ಲೀವಿನ ಹೊರಗೆ ತೂತು ಹಾಕಿ 10 ಎಂಎಂ ನಟ್ ಬೆಸೆದು, ಬೋಲ್ಟ್ ತಿರುಗಿಸಿದ್ರೆ ಕಾಲು ಎದುರು ಮೂಲೆಗೆ ಒತ್ತಿಕೊಂಡು ನಿಲ್ಲುತ್ತೆ. ಮೇಲೆ ಲಾಕ್ ನಟ್. ಬೋಲ್ಟಿನ ತುದಿ ಪಟ್ಟಿಗೆ ಕೂರೋದ್ರಿಂದ ತೆಳು ಪೈಪಿಗೆ ಗುಳಿ ಬೀಳಲ್ಲ. ಕಾಲು ಮೇಲಕ್ಕೆ ಎದ್ದು ಬರದ ಹಾಗೆ 12 ಎಂಎಂ ಪಿನ್ನು, ಅದಕ್ಕೊಂದು ಕ್ಲಿಪ್. ಅಲುಗಾಟ ತಡೆಯೋದು ಬೋಲ್ಟು, ಹಾರಿಹೋಗೋದು ತಡೆಯೋದು ಪಿನ್ನು. ಎರಡೂ ಕೆಲಸ ಒಂದಕ್ಕೇ ಹೇಳಿದ್ರೆ ಎರಡೂ ಕೆಡುತ್ತೆ.

ಸ್ಲೀವಿನ ತಳ ಪೂರ್ತಿ ಮುಚ್ಚಲಿಲ್ಲ. ಕಾಲು ನಿಲ್ಲೋಕೆ ಒಂದು ಸಣ್ಣ ತಡೆ, ಉಳಿದದ್ದು ತೆರೆದೇ ಇದೆ. ನೀರು, ಮಣ್ಣು ಕೆಳಗೆ ಬಿದ್ದುಹೋಗಲಿ ಅಂತ.

ಸ್ಲೀವನ್ನು ಮೊದಲು ಟ್ರೇಲರಿಗೆ ಕೂರಿಸಿ ಆಮೇಲೆ ಕಮಾನು ಮಾಡೋಕೆ ಹೋಗಲಿಲ್ಲ. ವೆಲ್ಡಿನ ಕಾವಿಗೆ ಕಮಾನು ಒಂದೆರಡು ಎಂಎಂ ಎಳೆದುಕೊಂಡೇ ತೀರುತ್ತೆ, ಆಮೇಲೆ ಕಾಲು ಒಳಗೆ ಇಳಿಯಲ್ಲ. ಮೊದಲು ಕಮಾನಿಗೆ ಅಲ್ಲಲ್ಲಿ ಚುಕ್ಕಿಯಷ್ಟೇ ಬೆಸುಗೆಯ ಟ್ಯಾಕ್ ಹೊಡೆದು, ಕೆಳಗೆ ಎರಡೂ ಕಾಲಿಗೆ ತಾತ್ಕಾಲಿಕವಾಗಿ ಒಂದು ಅಡ್ಡಪಟ್ಟಿ ಕೊಟ್ಟು, ಮೂಲೆಯಿಂದ ಮೂಲೆಗೆ ಟೇಪು ಹಿಡಿದು ಎರಡು ಕರ್ಣವೂ ಸಮ ಬಂದಮೇಲೆ ಪೂರ್ತಿ ಬೆಸೆದೆ. ಆರಿದಮೇಲೆ ಕಾಲಿಗೇ ಸ್ಲೀವ್ ತೊಡಿಸಿ, ಬೋಲ್ಟ್ ಬಿಗಿದು, ಸ್ಲೀವಿನ ಸಮೇತ ಟ್ರೇಲರಿಗೆ ಹಿಡಿದು ರಸಮಟ್ಟ ನೋಡಿ ತೂತಿನ ಗುರುತು ಹಾಕಿದ್ದು. ಟ್ರೇಲರಿನ ಪಕ್ಕದ ತಗಡು ತೆಳು, ಅದೊಂದನ್ನೇ ನಂಬಿದ್ರೆ ಸೀಳುತ್ತೆ. ಒಳಗಿನಿಂದ ದಪ್ಪ ಪ್ಲೇಟು ಕೊಟ್ಟು, ಕೆಳಗಿನ ಬೋಲ್ಟು ಚಾಸಿಗೇ ಹೋಗೋ ಹಾಗೆ ಮಾಡಿದ್ದೀನಿ. ಬ್ರೇಕ್ ಹಾಕಿದಾಗ ಕಮಾನುಗಳು ಮುಂದಕ್ಕೆ ವಾಲಬಾರದು ಅಂತ ಉದ್ದದ ಪೈಪಿನ ತುದಿಗಳಿಗೆ ತ್ರಿಕೋನದ ಪ್ಲೇಟು.

ತೂಕದ ಬಗ್ಗೆ ಇಲ್ಲಿ ಬಿಗಿ ಜಾಸ್ತಿ. ಬ್ರೇಕಿಲ್ಲದ ಟ್ರೇಲರಿಗೆ ಸಾಮಾನು ಸೇರಿ 750 ಕೆಜಿ ಮಿತಿ. ನನ್ನದು ಖಾಲಿ ಇದ್ದಾಗಲೇ 250, ರ‍್ಯಾಕ್ ಸ್ಲೀವ್ ಎಲ್ಲ ಸೇರಿ 30ರ ಹತ್ತಿರ. ಆ 30 ಕೆಜಿಯೂ ಸಾಮಾನಿನ ಲೆಕ್ಕದಿಂದಲೇ ಕಳೆಯುತ್ತೆ. ನಂಬರ್ ಪ್ಲೇಟು, ಹಿಂದಿನ ಲೈಟು ಮುಚ್ಚಬಾರದು. ಇನ್ನೊಂದು, ಟ್ರೇಲರಿನ ಒಟ್ಟು ತೂಕದಲ್ಲಿ ಹತ್ತರಲ್ಲೊಂದು ಭಾಗ ಕಾರಿನ ಕೊಕ್ಕೆ ಮೇಲೆ ಕೂತಿರಬೇಕು. ನೀರಿನ ಕ್ಯಾನು ಹಿಂದಕ್ಕೆ ತಳ್ಳಿದ್ರೆ ಮೂತಿ ಹಗುರಾಗಿ, ಸ್ಪೀಡಲ್ಲಿ ಟ್ರೇಲರ್ ಬಾಲ ಆಡಿಸೋಕೆ ಶುರು ಮಾಡುತ್ತೆ. ಅದಕ್ಕೆ 20 ಲೀಟರಿನ ಕ್ಯಾನುಗಳೆಲ್ಲ ಕೆಳಗೆ, ಚಕ್ರದಿಂದ ಸ್ವಲ್ಪ ಮುಂದೆ. ಮೇಲೆ ಹಗುರ ಸಾಮಾನು ಮಾತ್ರ.

ಫ್ಲಿಂಡರ್ಸ್ ಬೆಟ್ಟಗಳಿಗೆ ಹೋಗಿ ಬಂದ್ವಿ, ಇಲ್ಲಿಂದ ಉತ್ತರಕ್ಕೆ 400 ಕಿಲೋಮೀಟರಿಗೂ ಮೇಲೆ. ಬಹುಪಾಲು ಟಾರು ರಸ್ತೆ. ಬ್ರಾಚಿನಾ ಕಣಿವೆಗೆ ತಿರುಗಿದಮೇಲೆ ಮಣ್ಣಿನದು, ನೇಗಿಲ ಸಾಲಿಗೆ ಅಡ್ಡಡ್ಡ ಗಾಡಿ ಹೊಡೆದ ಹಾಗೆ. ನಿಂತಾಗಲೆಲ್ಲ ಸ್ಪ್ಯಾನರ್ ಹಿಡಿದು ನಟ್ ಮುಟ್ಟಿ ನೋಡ್ತಿದ್ದೆ, ಮಕ್ಕಳು ನಗ್ತಿದ್ರು. ಒಂದೂ ಸಡಿಲವಾಗಿರಲಿಲ್ಲ. ಬಂದಮೇಲೆ ಬಿಚ್ಚಿ ನೋಡಿದ್ರೆ ಪಿನ್ನಿನ ತೂತು ಇನ್ನೂ ದುಂಡಗೇ ಇದೆ. ನಿಮಗೆ ತೋರಿಸಬೇಕು ಅಂತ ಅದರದೂ ಫೋಟೊ ತೆಗೆದಿಟ್ಟಿದ್ದೀನಿ.

ಈಗ ಹುಳು ಮನೆ. ಹಳೇ ಸ್ಟ್ಯಾಂಡನ್ನು ನೀವು ಗೋಡೆಗೆ ಕ್ಲಾಂಪ್ ಹಾಕಿ ಬೆಸೆದುಬಿಟ್ಟಿದ್ರಿ. ಗಟ್ಟಿ ಅನ್ನೋದ್ರಲ್ಲಿ ಎರಡು ಮಾತಿಲ್ಲ, ಆನೆ ಕಟ್ಟಬಹುದು. ಆದರೆ ಪ್ರತಿ ಬೆಳೆ ಆದಮೇಲೆ ಬ್ಲೀಚಿಂಗ್ ಪೌಡರ್ ನೀರು ಹೊಡೆದು ತೊಳೆಯೋಳು ಅಮ್ಮ. ಗೋಡೆಗೂ ಪೈಪಿಗೂ ನಡುವಿನ ಸಂದಿಗೆ ಅವಳ ಕೈ ಹೋಗಲ್ಲ, ರೋಗ ಉಳಿಯೋದೇ ಅಂಥ ಜಾಗದಲ್ಲಿ. ಇರುವೆಗಂತ ಕಾಲಿಗೆ ನೀರಿನ ಬಟ್ಟಲು ಇಡ್ತೀವಿ, ಗೋಡೆಗೆ ತಾಗಿಸಿದ್ರೆ ಇರುವೆಗೆ ಗೋಡೆಯೇ ರಸ್ತೆ. ಈ ಸಲ ಸ್ಟ್ಯಾಂಡ್ ಗೋಡೆ ಬಿಟ್ಟು ನಿಲ್ಲಲಿ, ಅಂತಸ್ತುಗಳು ಬಿಚ್ಚಿ ಬರಲಿ. ತೊಳೆದು ಅಂಗಳದ ಬಿಸಿಲಿಗೆ ಹಾಕಬಹುದು.

ಅದಕ್ಕೆ ನನ್ನ ಹಾಗೆ ಬೋಲ್ಟು, ಲಾಕ್ ನಟ್ಟು ಏನೂ ಬೇಡ. ಸ್ಟ್ಯಾಂಡ್ ಎಲ್ಲಿಗೂ ಪ್ರಯಾಣ ಹೋಗಲ್ಲ, ಬ್ಲೀಚಿಂಗ್ ನೀರಿಗೆ ಬೋಲ್ಟಿನ ತಿರುಪು ಎಲ್ಲ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತೆ. ಕಂಬಗಳಿಗೆ ಆಂಗಲ್ ತುಂಡಿನ ಕ್ಲೀಟ್ ಬೆಸೆದು ಅಡ್ಡಪೈಪು ಅದರ ಮೇಲೆ ಕೂರಲಿ. ಹುಳು ನಾಲ್ಕನೇ ಜ್ವರ (ಪೊರೆ ಬಿಡೋ ನಿದ್ದೆ) ಎದ್ದಮೇಲೆ ಹಾಕೋ ಸೊಪ್ಪಿನ ಭಾರ ಪೂರ್ತಿ ಕ್ಲೀಟಿನ ಮೇಲೇ ಬೀಳಲಿ, ಅಡ್ಡಪೈಪು ಜಾರದ ಹಾಗೆ ಪಿನ್ನು ಹಿಡಿದ್ರೆ ಸಾಕು. ಪಿನ್ನಿಗೆ ಗ್ರೀಸು ಸವರಿ. ಪೈಪಿನ ತುದಿಗಳನ್ನು ಬೆಸೆದು ಮುಚ್ಚಿ, ಇಲ್ಲದಿದ್ರೆ ಬ್ಲೀಚಿಂಗ್ ನೀರು ಒಳಗೆ ನಿಂತು ಒಳಗಿನಿಂದಲೇ ತಿನ್ನುತ್ತೆ. ರೆಡ್ ಆಕ್ಸೈಡ್ ಒಂದಕ್ಕೇ ಬಿಡಬೇಡಿ, ಮೇಲೆ ಎರಡು ಕೋಟ್ ಎನಾಮೆಲ್ ಬೇಕು. ಅದರ ದುಡ್ಡು ನಾನು ಹಾಕ್ತೀನಿ, ಅಮ್ಮನ ಹತ್ತಿರ ಹೇಳಬೇಡಿ.

ದಸರಾಕ್ಕೆ ಮಾಲೂರಿನ ಸ್ನೇಹಿತನೊಬ್ಬ ಬರ್ತಿದ್ದಾನೆ, ಅವನ ಕೈಲಿ ವೆಲ್ಡಿಂಗ್ ಹೆಲ್ಮೆಟ್ ಕಳಿಸ್ತೀನಿ. ಕಿಡಿ ಹತ್ತಿದ ಕೂಡಲೇ ಗಾಜು ತಾನೇ ಕಪ್ಪಾಗುತ್ತೆ, ಎರಡೂ ಕೈ ಕೆಲಸಕ್ಕೆ ಸಿಗುತ್ತೆ. ದಯವಿಟ್ಟು ಅದನ್ನು ಕವರಿನಲ್ಲೇ ಇಟ್ಟು ಬಂದವರಿಗೆಲ್ಲ ತೋರಿಸ್ತಾ ಕೂರಬೇಡಿ. ಹಾಕ್ಕೊಳ್ಳಿ. ಅಂಗಡಿ ಹುಡುಗನಿಗೂ ಒಂದು ಕಳಿಸ್ತಿದ್ದೀನಿ. ರಾತ್ರಿ ಕಣ್ಣಿಗೆ ಮರಳು ಹಾಕಿದ ಉರಿ ಅಂತ ಅವನೂ ಗೊಣಗ್ತಿದ್ದ ಅಂತ ಅಮ್ಮ ಹೇಳಿದ್ಲು.

ಇಲ್ಲಿ ಇನ್ನು ಬೇಸಿಗೆ ಬರುತ್ತೆ. ಬೆಂಕಿ ನಿಷೇಧದ ದಿನ ಅಂತ ಸಾರಿದ್ರೆ ಪರ್ಮಿಟ್ ಇಲ್ಲದೆ ಬಯಲಲ್ಲಿ ಗ್ರೈಂಡರ್ ಹಚ್ಚೋ ಹಾಗಿಲ್ಲ, ಒಂದು ಕಿಡಿಗೆ ಒಣಹುಲ್ಲು ಊರೂರೇ ಸುಡುತ್ತೆ. ಅಷ್ಟರೊಳಗೆ ಗ್ಯಾಸ್ ಸಿಲಿಂಡರಿಗೊಂದು ಸ್ಟ್ಯಾಂಡ್ ಮಾಡಿ ಮುಗಿಸಬೇಕು. ಅದೂ ಬಿಚ್ಚೋದೇ, ಮೊದಲೇ ಹೇಳಿಬಿಡ್ತೀನಿ.

ಸ್ಟ್ಯಾಂಡಿಗೆ ಪೈಪು ತರೋ ಮುಂಚೆ ಹುಳು ಮನೆಯ ಒಳಅಳತೆ ಬರೆದು ಫೋಟೊ ಕಳಿಸಿ. ಬಾಗಿಲ ಅಗಲ ಮರೀಬೇಡಿ. ಚಿಕ್ಕಮ್ಮನಿಗೆ, ಅಮ್ಮನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ಈ ಬೆಳೆಗೆ ಗೂಡಿನ ರೇಟು ಎಷ್ಟು ಸಿಕ್ತು ಅಂತಾನೂ ತಿಳಿಸಿ, ಅಮ್ಮನ್ನ ಕೇಳಿದ್ರೆ ಯಾವಾಗಲೂ "ಪರವಾಗಿಲ್ಲ" ಅಂತಾಳೆ.

ನಿಮ್ಮ ಅಣ್ಣನ ಮಗ